ಬ್ಯಾಗ್ ನಿಮ್ದು, ಒಳಗಿನ ಬಂಗಾರ ಯಾರ್ದು?

ನಮ್ಮ ಕೊಪ್ಪಳ ಜಿಲ್ಲೆಗೆ ಸಮುದ್ರ ಇಲ್ಲ, ಬಂದರು ಇಲ್ಲ, ವಿದೇಶದ ವಿಮಾನ ಬಂದಿಳಿಯೋ ನಿಲ್ದಾಣವೂ ಇಲ್ಲ. ಹಂಗಾದ್ರ ಕಸ್ಟಮ್ಸ್ ಕಾಯ್ದೆ ನಮಗ್ಯಾಕ? ಯಾಕಂದ್ರೆ 1962ರ ಆ ಕಾಯ್ದೆ ವಿಮಾನ ನಿಲ್ದಾಣದ ಗೇಟಿಗೆ ಮುಗಿಯೋದಿಲ್ಲ. ಕಳ್ಳಸಾಗಣೆ ಮಾಲು ಗಂಗಾವತಿಯ ಅಂಗಡಿಯಲ್ಲಿ ಸಿಕ್ಕರೂ, ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೂ ಅದೇ ಕಾಯ್ದೆ.

2025ರ ಮಾರ್ಚ್ 3ರಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ದುಬೈನಿಂದ ಬಂದ ಕನ್ನಡದ ನಟಿಯೊಬ್ಬರಿಂದ 14.2 ಕೆ.ಜಿ. ಬಂಗಾರ ವಶಪಡಿಸಿಕೊಂಡಿದ್ದಾಗಿ ಡಿಆರ್‌ಐ ಹೇಳಿದಾಗ ನಾವೆಲ್ಲ ಸುದ್ದಿ ನೋಡಿದ್ವಿ. ತಪ್ಪೋ ಒಪ್ಪೋ ಹೇಳೋದು ಕೋರ್ಟಿನ ಕೆಲಸ. ಆದರೆ ಇಂಥ ಕೇಸಿನಲ್ಲಿ ಯಾರು ಏನು ಸಾಬೀತು ಮಾಡಬೇಕು ಅನ್ನೋದು ನಮಗೂ ಗೊತ್ತಿರಬೇಕು.

ಒಂದು ಉದಾಹರಣೆ ಊಹಿಸಿಕೊಳ್ಳಿ. ನೀವು ದುಬೈಗೆ ಹೋಗಿದ್ದೀರಿ. ಅಲ್ಲಿರೋ ಯಲಬುರ್ಗಾ ಕಡೆಯ ಪರಿಚಯದವರೊಬ್ಬರು, “ತಮ್ಮಾ, ಹೆಂಗೂ ಊರಿಗೆ ಹೊಂಟೀಯಲ್ಲ, ಈ ಮಿಕ್ಸರ್ ನಮ್ಮ ಮನಿಗೆ ಮುಟ್ಟಿಸಿಬಿಡಪ್ಪಾ” ಅಂತ ಡಬ್ಬಿ ಕೊಟ್ಟರು. ಮೋಟರಿನೊಳಗೆ ಬಂಗಾರ ಇದೆ. ಕಸ್ಟಮ್ಸ್‌ನವರು ಬಿಚ್ಚಿದರು. ಮುಂದೆ ಮೂರು ಪ್ರಶ್ನೆ.

1. ಮಾಲು ನಿಮ್ಮ ಸ್ವಾಧೀನದಲ್ಲಿತ್ತಾ?

ಇದನ್ನು ಸಾಬೀತು ಮಾಡೋ ಭಾರ ಪೂರ್ತಿ ಸರ್ಕಾರದ್ದೇ. ಬ್ಯಾಗೇಜ್ ಟ್ಯಾಗ್, ಬೋರ್ಡಿಂಗ್ ಪಾಸ್, ಸಿಸಿಟಿವಿ, ಬ್ಯಾಗಿನ ಕೀಲಿ, ಪಂಚನಾಮೆ ಎಲ್ಲ ಇಲ್ಲಿ ಕೆಲಸಕ್ಕೆ ಬರ್ತವೆ. ಹತ್ತಿರ ಇದ್ದ ಮಾತ್ರಕ್ಕೆ ಸ್ವಾಧೀನ ಆಗೋದಿಲ್ಲ. ನಾಲ್ವರ ಹಾಸ್ಟೆಲ್ ರೂಮಿನ ಅಟ್ಟದ ಮೇಲೆ ಏನೋ ಸಿಕ್ಕರೆ ಅದು ಯಾರ ಹಿಡಿತದಲ್ಲಿತ್ತು ಅಂತ ತೋರಿಸಬೇಕು.

ಆದರೆ “ಬಂಗಾರ ನಂದಲ್ಲ, ನಾನು ಬರೀ ತಂದುಕೊಟ್ಟೆ” ಅಂದರೆ ಬಚಾವಾಗಲ್ಲ. ಮಾಲೀಕತ್ವ ಬೇರೆ, ಸ್ವಾಧೀನ ಬೇರೆ. ಗೊತ್ತಿದ್ದೂ ಸಾಗಿಸೋದು, ಇಟ್ಟುಕೊಳ್ಳೋದು, ಬಚ್ಚಿಡೋದು ಕೂಡ 135ನೇ ಸೆಕ್ಷನ್ ಪ್ರಕಾರ ಅಪರಾಧವೇ.

2. ಅದು ಕಳ್ಳಸಾಗಣೆ ಮಾಲೇನಾ?

ಇಲ್ಲಿ ಆಟ ತಿರುಗುತ್ತೆ. ಬಂಗಾರ, ಕೈಗಡಿಯಾರ ಮತ್ತು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಸ್ತುಗಳನ್ನು, ಕಳ್ಳಸಾಗಣೆ ಮಾಲು ಅಂತ ನಂಬಲು ಕಾರಣ ಇದ್ದು ಈ ಕಾಯ್ದೆಯಡಿ ವಶಪಡಿಸಿಕೊಂಡರೆ, “ಇದು ಕಳ್ಳಮಾಲಲ್ಲ” ಅಂತ ತೋರಿಸಬೇಕಾದವರು ನೀವು (123ನೇ ಸೆಕ್ಷನ್). ಉಳಿದ ವಸ್ತುಗಳಿಗೆ ಆ ಭಾರ ಇಲಾಖೆಯದ್ದು.

ಕಸ್ಟಮ್ಸ್ ಬದಲು ಪೊಲೀಸರು ಹಿಡಿದರೆ? ಮುಂಬೈನ ನಟವರ್‌ಲಾಲ್ ಸೋನಿ ಪ್ರಕರಣದಲ್ಲಿ ಹಂಗೇ ಆಗಿತ್ತು. ಪೊಲೀಸರಿಗೆ ವಿದೇಶಿ ಗುರುತಿನ 100 ಬಂಗಾರದ ಬಿಸ್ಕತ್ತು ಸಿಕ್ಕಿದ್ದವು. 123ರ ಅನುಕೂಲ ಸರ್ಕಾರಕ್ಕೆ ಸಿಗಲಿಲ್ಲ. ಆದರೂ ಗುರುತು, ಬಚ್ಚಿಟ್ಟ ರೀತಿಯಂಥ ಸಂದರ್ಭಗಳನ್ನೆಲ್ಲ ಕೂಡಿಸಿ ನೋಡಿದ ಸುಪ್ರೀಂ ಕೋರ್ಟ್, ಅದು ಕಳ್ಳಮಾಲೇ ಅಂತ ತೀರ್ಮಾನಿಸಿತು.

3. ನಿಮಗೆ ಗೊತ್ತಿತ್ತಾ?

ಮಾಮೂಲಿ ಕ್ರಿಮಿನಲ್ ಕೇಸಿನಲ್ಲಿ ಆರೋಪಿಯ ಮನಸ್ಸಿನಲ್ಲಿ ಏನಿತ್ತು ಅಂತ ಸರ್ಕಾರ ತೋರಿಸಬೇಕು. ಇಲ್ಲಿ 138ಎ ಸೆಕ್ಷನ್ ಪ್ರಕಾರ, ಗೊತ್ತಿತ್ತು ಅಂತಲೇ ಕೋರ್ಟ್ ಭಾವಿಸಿಕೊಂಡು ಶುರು ಮಾಡುತ್ತೆ. ಗೊತ್ತಿರಲಿಲ್ಲ ಅಂತ ನೀವು ಸಾಬೀತು ಮಾಡಬೇಕು, ಅದೂ ಸಂಶಯಕ್ಕೆ ಎಡೆ ಇಲ್ಲದಂತೆ. “ಇರಬಹುದೇನೋ” ಅನ್ನೋ ಮಟ್ಟದ ಸಾಕ್ಷ್ಯ ಸಾಲದು.

ಕೋಡ್ ಬರೆಯೋರಿಗೆ ಇದು ಥಟ್ಟಂತ ಹೊಳೀಬೇಕು. ಮೊದಲನೇ ಕಂಡೀಷನ್ ನಿಜ ಆದರೆ ಮಾತ್ರ ಮುಂದಿನ ಸಾಲುಗಳು ಓಡ್ತವೆ. ಸ್ವಾಧೀನವೇ ಸಾಬೀತಾಗದಿದ್ದರೆ, 123 ಆಗಲಿ 138ಎ ಆಗಲಿ ನಿಮ್ಮ ಮೇಲೆ ಭಾರ ಹೊರಿಸೋಕೆ ಆಗಲ್ಲ. ಅದಕ್ಕೇ ಇಂಥ ಕೇಸುಗಳಲ್ಲಿ ವಕೀಲರ ಗುದ್ದಾಟ ಪಂಚನಾಮೆ ಸುತ್ತಲೇ ಜಾಸ್ತಿ.

ಇನ್ನೊಂದು ಮಾತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಆದರೆ ಕಸ್ಟಮ್ಸ್ ಅಧಿಕಾರಿ ಪೊಲೀಸ್ ಅಧಿಕಾರಿ ಅಲ್ಲ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ರಮೇಶಚಂದ್ರ ಮೆಹ್ತಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ 108ನೇ ಸೆಕ್ಷನ್ ಅಡಿ ಸ್ವಇಚ್ಛೆಯಿಂದ ಕೊಟ್ಟ ಹೇಳಿಕೆ ಕೋರ್ಟಿನಲ್ಲಿ ಸಾಕ್ಷ್ಯ ಆಗಬಹುದು. ಓದದೆ, ಅರ್ಥ ಆಗದೆ ಸಹಿ ಹಾಕಬೇಡಿ.

ಶಿಕ್ಷೆ ಮಾಲಿನ ಬೆಲೆ, ತಪ್ಪಿಸಿದ ಸುಂಕದ ಮೇಲೆ ನಿಂತಿದೆ. ದೊಡ್ಡ ಕೇಸಿನಲ್ಲಿ 7 ವರ್ಷದವರೆಗೆ ಜೈಲು. ಹಂಗಾಗಿ ಕಂಡೋರ ಡಬ್ಬಿ ಮುಟ್ಟಿಸೋ ಉಪಕಾರಕ್ಕೆ ಹೋಗಬೇಡಿ. ಒಯ್ಯಲೇಬೇಕಾದ್ರ ನಿಮ್ಮ ಎದುರಿಗೇ ಬಿಚ್ಚಿಸಿ ನೋಡಿ, ಬಿಲ್ ಕೇಳಿ, ಸುಂಕ ಕಟ್ಟೋದಿದ್ದರೆ ರೆಡ್ ಚಾನೆಲ್‌ನಲ್ಲಿ ಹೋಗಿ ಹೇಳಿ. “ಬಿಚ್ಚೋದು ಬ್ಯಾಡ” ಅಂದರೆ, ಡಬ್ಬಿ ಅಲ್ಲೇ ಬಿಟ್ಟು ಬನ್ನಿ.