ಗುಂಡಿಗಿಂತ ಮೊದಲು ಕಣ್ಣು: ಎನ್‌ಎಸ್‌ಜಿ ಕಮಾಂಡೊಗಳ ವಿದ್ಯೆ

ಹರಿಯಾಣದ ಮಾನೇಸರ್ ಕಾರು ಕಾರ್ಖಾನೆಗಳಿಗೆ ಹೆಸರಾದ ಊರು. ರಾಷ್ಟ್ರೀಯ ಭದ್ರತಾ ಪಡೆ, ಅಂದರೆ ಎನ್‌ಎಸ್‌ಜಿಯ ತರಬೇತಿ ನೆಲೆ ಇರುವುದೂ ಅಲ್ಲೇ. ಕಪ್ಪು ಉಡುಪಿನಿಂದಾಗಿ ‘ಬ್ಲ್ಯಾಕ್ ಕ್ಯಾಟ್’ ಎನಿಸಿಕೊಂಡ ಕಮಾಂಡೊಗಳು ಇಲ್ಲಿ ಕಲಿಯುವುದು ಕಟ್ಟಡದೊಳಗಿನ ಕದನವನ್ನು. ಉಗ್ರ ಮತ್ತು ಒತ್ತೆಯಾಳು ಒಂದೇ ಕೋಣೆಯಲ್ಲಿರುವಾಗ ಒಬ್ಬನನ್ನು ಉರುಳಿಸಿ ಇನ್ನೊಬ್ಬನನ್ನು ಉಳಿಸುವ ಕಠಿಣ ವಿದ್ಯೆ ಅದು.

ಈ ಪಡೆಯ ಹುಟ್ಟಿಗೆ ಕಾರಣ ಒಂದು ಕಹಿ ಪಾಠ. 1984ರ ಜೂನ್‌ನಲ್ಲಿ ಉಗ್ರರು ಬೀಡುಬಿಟ್ಟಿದ್ದ ಅಮೃತಸರದ ಸ್ವರ್ಣಮಂದಿರಕ್ಕೆ ಸೇನೆ ಟ್ಯಾಂಕುಗಳೊಂದಿಗೆ ನುಗ್ಗಿದಾಗ ಅಪಾರ ಸಾವುನೋವಾಯಿತು. ಮಂದಿರದ ಆವರಣದಲ್ಲಿದ್ದ ಅಕಾಲ್ ತಖ್ತ್ ಜಖಂಗೊಂಡಿತು. ಇಂಥ ಸನ್ನಿವೇಶಕ್ಕೆಂದೇ ಪಳಗಿದ ಪಡೆ ಬೇಕೆಂದು ಅದೇ ವರ್ಷ ಸರ್ಕಾರ ನಿರ್ಧರಿಸಿತು. ಬ್ರಿಟನ್ನಿನ ಎಸ್‌ಎಎಸ್, ಪಶ್ಚಿಮ ಜರ್ಮನಿಯ ಜಿಎಸ್‌ಜಿ-9 ಪಡೆಗಳು ಇದಕ್ಕೆ ಮಾದರಿಯಾದವು. 1988ರ ಮೇನಲ್ಲಿ ಅದೇ ಮಂದಿರ ಮತ್ತೆ ಉಗ್ರರ ನೆಲೆಯಾದಾಗ ಎನ್‌ಎಸ್‌ಜಿ ಒಳನುಗ್ಗಲಿಲ್ಲ. ಸುತ್ತ ಗುರಿಕಾರರು ಕಾದು ಕುಳಿತರು. ನೀರು, ವಿದ್ಯುತ್ ಕಡಿತಗೊಂಡವು. ಕೆಲವೇ ದಿನಗಳಲ್ಲಿ ಒಳಗಿದ್ದವರು ಕೈಯೆತ್ತಿ ಹೊರಬಂದರು.

ದಾಳಿ ನಡೆಸುವ ಎನ್‌ಎಸ್‌ಜಿ ವಿಭಾಗವಾದ ಸ್ಪೆಷಲ್ ಆ್ಯಕ್ಷನ್ ಗ್ರೂಪ್‌ಗೆ ಯೋಧರು ಬರುವುದು ಸೇನೆಯಿಂದ. ಅವರು ಐದೈದು ಮಂದಿಯ ‘ಹಿಟ್’ ತಂಡಗಳಾಗಿ ಕೆಲಸ ಮಾಡುತ್ತಾರೆ. ಕಟ್ಟಡದ ಕದನದಲ್ಲಿ ಬಾಗಿಲೇ ಅತಿ ಅಪಾಯದ ಜಾಗ. ಅಲ್ಲಿ ನಿಂತವನು ಒಳಗಿನ ಎಲ್ಲ ಬಂದೂಕುಗಳಿಗೂ ಗುರಿ. ಆದ್ದರಿಂದ ಹೊಸ್ತಿಲು ದಾಟಿದೊಡನೆ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಸರಿಯಬೇಕು. ಯಾವ ಮೂಲೆ ಯಾರದೆಂಬುದು ಮೊದಲೇ ನಿಗದಿ. ತರಬೇತಿಯ ಕತ್ತಲಕೋಣೆಯಲ್ಲಿ ಉಗ್ರನ ಚಿತ್ರವೂ ಇರುತ್ತದೆ, ಅಮಾಯಕನದೂ ಇರುತ್ತದೆ. ಯಾರು ಯಾರೆಂದು ಕಣ್ಣು ಗುರುತಿಸಿದ ಮೇಲೆಯೇ ಬೆರಳು ಕುದುರೆ ಒತ್ತಬೇಕು, ಅದೂ ಕ್ಷಣಮಾತ್ರದಲ್ಲಿ. ಆರಂಭದ 90 ದಿನಗಳ ಪರೀಕ್ಷೆಯಲ್ಲೇ ಹಲವರು ಹೊರಬೀಳುತ್ತಾರೆ.

2008ರ ನವೆಂಬರ್‌ನಲ್ಲಿ ಮುಂಬೈ ಈ ವಿದ್ಯೆಯನ್ನು ಒರೆಗೆ ಹಚ್ಚಿತು. 26ರ ರಾತ್ರಿ ಉಗ್ರರ ದಾಳಿ ಶುರುವಾದರೂ ದೂರದ ಮಾನೇಸರ್‌ನಿಂದ ಬಂದ ಕಮಾಂಡೊಗಳು ಕಣಕ್ಕಿಳಿಯುವಾಗ ಮರುದಿನದ ಬೆಳಗಾಗಿತ್ತು. ತಾಜ್ ಹೋಟೆಲಿನಲ್ಲಿ ಕೋಣೆ ಕೋಣೆಯನ್ನೂ ಜಾಲಾಡಬೇಕಾಯಿತು. ನಾರಿಮನ್ ಹೌಸ್‌ನ ತಾರಸಿಗೆ ಹೆಲಿಕಾಪ್ಟರ್‌ನಿಂದ ಇಳಿಯಬೇಕಾಯಿತು. ತಾಜ್‌ನಲ್ಲಿ ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್, ನಾರಿಮನ್ ಹೌಸ್‌ನಲ್ಲಿ ಹವಾಲ್ದಾರ್ ಗಜೇಂದ್ರ ಸಿಂಗ್ ಬಿಷ್ಟ್ ಹುತಾತ್ಮರಾದರು. ಇಬ್ಬರಿಗೂ ಮರಣೋತ್ತರ ಅಶೋಕ ಚಕ್ರ ಸಂದಿತು. 2016ರಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ಉಗ್ರರ ದಾಳಿಯಾದಾಗ ಇದೇ ಪಡೆಯ ಬಾಂಬ್ ನಿಷ್ಕ್ರಿಯ ತಜ್ಞ, ಬೆಂಗಳೂರಿನ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಪ್ರಾಣ ತೆತ್ತರು.

ಮುಂಬೈಯಲ್ಲಾದ ವಿಳಂಬ ಕಲಿಸಿದ ಪಾಠದಿಂದ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಪಡೆಯ ಪ್ರಾದೇಶಿಕ ನೆಲೆಗಳು ತಲೆಯೆತ್ತಿದವು. ಒಳಗಿನ ಉಗ್ರರಿಗೆ ಸುಳಿವು ಸಿಗಬಾರದೆಂದು ಕಾರ್ಯಾಚರಣೆಯನ್ನು ಟಿ.ವಿ. ವಾಹಿನಿಗಳು ನೇರಪ್ರಸಾರ ಮಾಡದಂತೆ 2015ರಲ್ಲಿ ನಿಯಮ ಬಂತು. ಆದರೆ ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಅಂಥ ದುರ್ದಿನ ಬಂದರೆ ಕಮಾಂಡೊಗಳ ಚಲನವಲನವನ್ನು ಚಿತ್ರೀಕರಿಸಿ ಹಂಚಬೇಡಿ. ಒಳಗಿರುವ ಒತ್ತೆಯಾಳುಗಳ ಜೀವ ಉಳಿಸಲು ನಾವು ಮಾಡಬಹುದಾದ ಸಹಾಯ ಅದು.