ಎಲೆಕ್ಟ್ರಾನಿಕ್ಸ್ ಕಲಿಯಲು ಯಾವ ಪುಸ್ತಕ ಕೊಳ್ಳಬೇಕು?



ಪುಸ್ತಕದ ಸಹಾಯಧನ ಕೋರಿ ಬರುವ ಅರ್ಜಿಗಳಲ್ಲಿ ಹವ್ಯಾಸವಾಗಿ ಎಲೆಕ್ಟ್ರಾನಿಕ್ಸ್ ಕಲಿಯುವ ಆಸೆ ಬರೆದ ಮಕ್ಕಳಿದ್ದಾರೆ. ನಾವು ಕೊಡುವ ಹಣ ಒಂದು ಪುಸ್ತಕಕ್ಕಷ್ಟೇ ಸಾಲುತ್ತದೆ. ಅದು ತಪ್ಪು ಪುಸ್ತಕವಾದರೆ ಹಣದ ಜೊತೆ ಮಗುವಿನ ಆಸಕ್ತಿಯೂ ಹೋಯಿತು.

ದಪ್ಪ ಪುಸ್ತಕವೇ ಒಳ್ಳೆಯದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಹೊರೊವಿಟ್ಜ್ ಮತ್ತು ಹಿಲ್ ಅವರ ‘ದಿ ಆರ್ಟ್ ಆಫ್ ಎಲೆಕ್ಟ್ರಾನಿಕ್ಸ್’ ಹೆಸರಾಂತ ಗ್ರಂಥವೇ. ಆದರೆ ಸಾವಿರ ಪುಟ ದಾಟಿದ ಆ ಪುಸ್ತಕ ಕಾಲೇಜಿನಲ್ಲಿ ಓದುವವರಿಗೆ ಸರಿ. ಹತ್ತನೇ ತರಗತಿಯ ಮಗುವಿಗೆ ಚಾರ್ಲ್ಸ್ ಪ್ಲಾಟ್ ಅವರ ‘ಮೇಕ್: ಎಲೆಕ್ಟ್ರಾನಿಕ್ಸ್’ ಹೆಚ್ಚು ಒಗ್ಗುತ್ತದೆ. ಅದರಲ್ಲಿ ಮೊದಲು ಪ್ರಯೋಗ, ಆಮೇಲೆ ಸಿದ್ಧಾಂತ. ಇಂಗ್ಲಿಷ್ ಕಷ್ಟವೆನಿಸುವ ಮಕ್ಕಳಿಗೆ ಫಾರೆಸ್ಟ್ ಮಿಮ್ಸ್ ಅವರು 1983ರಲ್ಲಿ ಬರೆದ ‘ಗೆಟ್ಟಿಂಗ್ ಸ್ಟಾರ್ಟೆಡ್ ಇನ್ ಎಲೆಕ್ಟ್ರಾನಿಕ್ಸ್’ ಇದೆ. ಪುಟದ ತುಂಬ ಕೈಯಿಂದ ಬಿಡಿಸಿದ ಚಿತ್ರಗಳು.

ಬೇರೆ ಪುಸ್ತಕ ಸಿಕ್ಕರೆ ಅಂಗಡಿಯಲ್ಲೇ ಪರೀಕ್ಷಿಸಬಹುದು. ಎಲ್‌ಇಡಿ ಉರಿಸುವ ಮೊದಲ ಪಾಠ ತೆರೆಯಿರಿ. 9 ವೋಲ್ಟ್ ಬ್ಯಾಟರಿಗೆ 470 ಓಮ್ ರೆಸಿಸ್ಟರ್ ಜೋಡಿಸಿ ಎಂದಷ್ಟೇ ಹೇಳಿದ್ದರೆ ಅದು ಅಡುಗೆ ಪುಸ್ತಕ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋಗುತ್ತದೆ, ಉಳಿದ 7 ವೋಲ್ಟನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿ ಆಂಪಿಯರ್ ವಿದ್ಯುತ್ ಹರಿಯುತ್ತದೆ ಎಂದು ಲೆಕ್ಕ ಬಿಡಿಸಿದ್ದರೆ ಅದು ಕಲಿಸುವ ಪುಸ್ತಕ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಓಮ್‌ನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅಮೆರಿಕದ ಪುಸ್ತಕಗಳಲ್ಲಿ ಒಂದು ತೊಡಕುಂಟು. ಅವುಗಳಲ್ಲಿ 2ಎನ್3904 ಎಂಬ ಟ್ರಾನ್ಸಿಸ್ಟರ್ ಹೆಚ್ಚಾಗಿ ಬರುತ್ತದೆ. ನಮ್ಮಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ, ಸುಲಭವಾಗಿ ಸಿಗುವುದು ಬಿಸಿ547. ಸಣ್ಣ ಪ್ರಯೋಗಗಳಿಗೆ ಇದೂ ಸಾಕು, ಆದರೆ ಕಾಲುಗಳ ಕ್ರಮ ತಿರುವುಮುರುವು. ಚಪ್ಪಟೆ ಬದಿ ನಮ್ಮ ಕಡೆಗಿಟ್ಟು, ಕಾಲು ಕೆಳಗೆ ಮಾಡಿ ಎಡದಿಂದ ನೋಡಿದರೆ ಅದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಇದರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಇದು ತಿಳಿಯದ ಮಗು ತನಗೇ ಬುದ್ಧಿಯಿಲ್ಲವೆಂದುಕೊಂಡು ಕೈಬಿಡುತ್ತದೆ.

ಮನೆಯ 230 ವೋಲ್ಟ್ ಕರೆಂಟಿಗೆ ನೇರ ಜೋಡಿಸುವ ಪ್ರಯೋಗಗಳಿಂದ ಆರಂಭವಾಗುವ ಪುಸ್ತಕ ಬೇಡವೇ ಬೇಡ. ಬ್ಯಾಟರಿ ಮತ್ತು ಬ್ರೆಡ್‌ಬೋರ್ಡ್ ಸಾಕು. ಬೆಸುಗೆ ಆಮೇಲೆ ಕಲಿಯಬಹುದು.

ಬಿಡಿಭಾಗಗಳಿಲ್ಲದೆ ಇಂಥ ಪುಸ್ತಕ ಓದಿ ಪ್ರಯೋಜನವಿಲ್ಲ. ಆದ್ದರಿಂದ ಅರ್ಜಿಯಲ್ಲಿ ಪುಸ್ತಕದ ಹೆಸರು, ಬೆಲೆಯ ಜೊತೆಗೆ ಅದರ ಮೊದಲ ಕೆಲವು ಪ್ರಯೋಗಗಳಿಗೆ ಬೇಕಾಗುವ ಸಾಮಾನಿನ ಪಟ್ಟಿಯನ್ನೂ ಲಗತ್ತಿಸಬೇಕಾಗಿ ವಿನಂತಿ. ಪಟ್ಟಿಯನ್ನು ಮಗುವೇ ಬರೆಯಲಿ.