ರ‍್ಯಾಂಪ್ ಇದ್ದರೆ ಸಾಕೇ? ನದಿ ದಂಡೆಯ ದಾರಿ ‘ಎಲ್ಲರಿಗೂ’ ಆಗುವುದು ಹೇಗೆ?

‘ನಗರದ ನಡುವೆ ಹಸಿರು ದಾರಿ, ವೀಲ್‌ಚೇರ್‌ನಲ್ಲೂ ಹೋಗಬಹುದು!’ ಇಂಥ ವಿಡಿಯೊಗಳು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ಆಗಾಗ ಬರುತ್ತವೆ. ನಂಬಿಕೊಂಡು ಮೊಣಕಾಲು ನೋವಿನ ಅಜ್ಜಿಯನ್ನೋ ವೀಲ್‌ಚೇರ್ ಬಳಸುವ ತಮ್ಮನನ್ನೋ ಕರೆದುಕೊಂಡು ಹೋದರೆ ಗೇಟಿನಿಂದಲೇ ವಾಪಸು ಬರಬೇಕಾಗಬಹುದು. ಹಾಗಾದರೆ ಫಾರ್ವರ್ಡ್ ಮಾಡುವ ಮೊದಲು ಏನು ನೋಡಬೇಕು?

ರ‍್ಯಾಂಪ್ ಇದ್ದರೆ ಸಾಕು ಎನ್ನುವುದು ನಿಜವೇ?

ಅಲ್ಲ. ಅದು ಎಷ್ಟು ಕಡಿದಾಗಿದೆ ಎನ್ನುವುದೇ ಮುಖ್ಯ. ನಮ್ಮ ದೇಶದ ಮಾರ್ಗಸೂಚಿಯಂತೆ 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ರ‍್ಯಾಂಪ್ ಬೇಕು. ದಂಡೆಯಿಂದ ನೀರಿನ ಬಳಿಗೆ 10 ಅಡಿ ಇಳಿಯಬೇಕಿದ್ದರೆ 120 ಅಡಿಗಿಂತಲೂ ಉದ್ದದ ರ‍್ಯಾಂಪ್, ನಡುನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟಾದ ಜಾಗ, ಎರಡೂ ಬದಿಗೆ ಹಿಡಿಕೆ ಬೇಕು. ಮೆಟ್ಟಿಲ ಮೇಲೆ ಸಿಮೆಂಟ್ ಬಳಿದ ಕಡಿದಾದ ಇಳಿಜಾರಿನಲ್ಲಿ ಬೈಕ್ ಹತ್ತೀತು, ವೀಲ್‌ಚೇರ್ ಹಿಂದಕ್ಕೆ ಜಾರುತ್ತದೆ.

ಗೇಟಿನದು ಇನ್ನೊಂದು ತೊಡಕು. ದನ, ಬೈಕ್ ಬರಬಾರದೆಂದು ಹಲವು ಉದ್ಯಾನಗಳಲ್ಲಿ ಅಂಕುಡೊಂಕು ಗೇಟು ಹಾಕಿರುತ್ತಾರೆ. ವೀಲ್‌ಚೇರ್‌ಗೆ ಸುಮಾರು 3 ಅಡಿ ಅಗಲ ಬೇಕು. ಅಷ್ಟು ಜಾಗ ಬಿಟ್ಟರೆ ಬೈಕೂ ನುಗ್ಗುತ್ತದೆ! ಅದಕ್ಕೇ ಗೇಟಿನ ಜತೆ ಕಾವಲುಗಾರರೂ ಬೇಕು.

ದೊಡ್ಡ ನಗರಗಳಲ್ಲಿ ಎಲ್ಲ ಸರಿ ಇರುತ್ತದೆಯೇ?

ದಕ್ಷಿಣ ಕೊರಿಯಾದ ಸೋಲ್ ನಗರ ಮೇಲ್ಸೇತುವೆ ಕೆಡವಿ, ಮುಚ್ಚಿಹೋಗಿದ್ದ ಚಂಗ್ಯೆಚನ್ ತೊರೆಯನ್ನು 2005ರಲ್ಲಿ ಮತ್ತೆ ತೆರೆಯಿತು. ಜಗತ್ತೇ ಹೊಗಳಿತು. ಆದರೆ ತಮಗೆ ಅಲ್ಲಿ ಓಡಾಡುವುದು ಕಷ್ಟ ಎಂದು ಅಲ್ಲಿನ ವಿಕಲಚೇತನರ ಸಂಘಟನೆಗಳು ಆಕ್ಷೇಪಿಸಿದವು. ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆಯ ಕಡೆ ಹರಿಯುವ ರಾಜಕಾಲುವೆಯ ಪಕ್ಕ ನಡಿಗೆ ದಾರಿ ಮಾಡುವ ‘ಕೆ-100’ ಯೋಜನೆಗೂ ಸೋಲ್‌ನ ಈ ತೊರೆಯನ್ನೇ ಹೋಲಿಸುತ್ತಾರೆ. ಹೋಲಿಸುವಾಗ ಆ ಆಕ್ಷೇಪವನ್ನೂ ನೆನಪಿಡಬೇಕು.

ನಮ್ಮ ಕಡೆ ಮಾಡಿದರೆ?

ಇಟಗಿ ಭೀಮಾಂಬಿಕೆಯ ದರ್ಶನಕ್ಕೆ ಬರುವವರಲ್ಲಿ ವಯಸ್ಸಾದವರೂ ಇರುತ್ತಾರೆ. ಅವರೂ ಕೂತು ಹೊಳೆ ನೋಡುವಂಥ ದಾರಿಯನ್ನು ರೋಣ ತಾಲ್ಲೂಕಿನ ಹೊಳೆಆಲೂರಿನ ಮಲಪ್ರಭೆ ದಂಡೆಯಲ್ಲಿ ಮಾಡಿದರೆ ಎಷ್ಟು ಚೆಂದ! ಆದರೆ ಇಲ್ಲಿ ಎರಡು ಸವಾಲುಗಳಿವೆ. ಒಂದು, ಎರೆ ಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಡುವ ಈ ಮಣ್ಣಿನ ಮೇಲೆ ಹಾಗೇ ಟೈಲ್ಸ್ ಹಾಕಿದರೆ ಬೇಗ ಎದ್ದು ಬರುತ್ತವೆ. ಅರ್ಧ ಇಂಚು ಎದ್ದ ಟೈಲ್ಸ್ ನಮ್ಮ ಕಾಲಿಗೆ ಗೊತ್ತಾಗದಿರಬಹುದು, ವೀಲ್‌ಚೇರಿನ ಮುಂದಿನ ಸಣ್ಣ ಗಾಲಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊದಲು ಮಣ್ಣು ತೆಗೆದು ಗರಸು ತುಂಬಿ ಗಟ್ಟಿ ಮಾಡಬೇಕು. ಇನ್ನೊಂದು, ನೆರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು, ಕೊಣ್ಣೂರಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನೆರೆ ಇಳಿದ ಮೇಲೆ ಕೆಸರು ತೆಗೆಯುವವರಿಲ್ಲದಿದ್ದರೆ ದಾರಿ ಇದ್ದೂ ಇಲ್ಲದಂತೆ.

ಫಾರ್ವರ್ಡ್ ಮಾಡುವ ಮೊದಲು ಈ 4 ಪ್ರಶ್ನೆ ಕೇಳಿ

1. ಬಸ್ ನಿಲ್ದಾಣದಿಂದ ಗೇಟಿನವರೆಗೆ ಮೆಟ್ಟಿಲಿಲ್ಲದೆ ಹೋಗಬಹುದೇ?
2. ಗೇಟಿನಲ್ಲಿ ವೀಲ್‌ಚೇರ್ ದಾಟುತ್ತದೆಯೇ?
3. ಅಲ್ಲಲ್ಲಿ ನೆರಳು, ಬೆಂಚು ಇವೆಯೇ?
4. ವೀಲ್‌ಚೇರ್ ಒಳಗೆ ಹೋಗುವಂಥ ಶೌಚಾಲಯ ಇದೆಯೇ, ಬೀಗ ಹಾಕಿಲ್ಲ ತಾನೇ?

ಇದು ಯಾರೋ ಮಾಡುವ ಉಪಕಾರವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೊಟ್ಟ ಹಕ್ಕು. ಸೌಲಭ್ಯ ಇಲ್ಲದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಮುಂದಿನ ಸಲ ಇಂಥ ವಿಡಿಯೊ ಬಂದಾಗ ‘ಸೂಪರ್’ ಎನ್ನುವ ಬದಲು ‘ನಮ್ಮ ಅಜ್ಜಿ ಹೋಗಬಹುದಾ?’ ಎಂದು ಕೇಳಿ ನೋಡಿ.